ಲ್ಯಾಮಿಂಗ್ಟನ್ ರೋಡಿನಿಂದ ಡೆಬಿಯನ್ನಿನ ಬಾಗಿಲಿಗೆ

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡು. ಸರಕಾರಿ ದಾಖಲೆಯಲ್ಲಿ ಅದು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ, ಆದರೆ ಹಾಗೆ ಕೇಳಿದರೆ ಟ್ಯಾಕ್ಸಿಯವನು ಒಂದು ಕ್ಷಣ ಯೋಚಿಸುತ್ತಾನೆ. ನಾಜ್ ಚಿತ್ರಮಂದಿರದ ಕಟ್ಟಡದಲ್ಲಿ ಒಂದು ಕಾಲಕ್ಕೆ ಹಿಂದಿ ಸಿನಿಮಾ ವಿತರಕರು ಕಚೇರಿ ಇಟ್ಟುಕೊಂಡಿದ್ದರು. ಈಗ ಬೀದಿಯುದ್ದಕ್ಕೂ ವೈರು, ಚಾರ್ಜರು, ಸ್ಪೀಕರು, ಸಿಸಿಟಿವಿ ಕ್ಯಾಮೆರಾ. ಹಳೆಯ ಲ್ಯಾಪ್‌ಟಾಪ್ ಬೇಕಿದ್ದವರು ಬೀದಿಯಲ್ಲಿ ನಿಲ್ಲಬಾರದು, ಮೆಟ್ಟಿಲು ಹುಡುಕಬೇಕು. ಒಬ್ಬರೇ ಹತ್ತಬಹುದಾದಷ್ಟು ಅಗಲದ ಮರದ ಮೆಟ್ಟಿಲು ಹತ್ತಿದರೆ ಮೇಲೆ ಗೋಣಿಚೀಲದ ಹಾಗೆ ಲ್ಯಾಪ್‌ಟಾಪ್ ಪೇರಿಸಿಟ್ಟ ಕೋಣೆ ಸಿಗುತ್ತದೆ. ಕಂಪನಿಗಳು ಹೊರಗೆ ಹಾಕಿದ ಮಾಲು. ತೂಕದ ಲೆಕ್ಕದಲ್ಲಿ ಬಂದು ಒಂದೊಂದಾಗಿ ಮಾರಾಟವಾಗುತ್ತದೆ.

2019ರ ಆಗಸ್ಟ್ ತಿಂಗಳಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದ ಒಂದು ಶನಿವಾರ, ನಾನು ಮತ್ತು ಶೆಟ್ರು ಅಂಥ ಒಂದು ಮೆಟ್ಟಿಲು ಹತ್ತಿದೆವು. ಶೆಟ್ರು ಬ್ಯಾಂಕಿನಿಂದ ನಿವೃತ್ತರಾದವರು, ಡೊಂಬಿವಿಲಿಯ ನಮ್ಮ ಕನ್ನಡ ಸಂಘದ ಗ್ರಂಥಾಲಯ ನೋಡಿಕೊಳ್ಳುತ್ತಾರೆ. ನಾಲ್ಕು ಸಾವಿರ ಚಿಲ್ಲರೆ ಪುಸ್ತಕ, ಒಂದು ಬಾಡಿಗೆ ಕೋಣೆ. ಪುಸ್ತಕದ ಪಟ್ಟಿ ಇದ್ದದ್ದು ಉದ್ದನೆಯ ಲೆಡ್ಜರಿನಲ್ಲಿ. ಆ ಲೆಡ್ಜರಿಗೆ ಗೆದ್ದಲು ಹಿಡಿದಿತ್ತು. ಕಾರ್ಯಕಾರಿ ಸಮಿತಿಯ ಕೆಲವರಿಗೆ ಇದು ಒಳ್ಳೆಯ ನೆಪವಾಯಿತು: ಪಟ್ಟಿಯೇ ಇಲ್ಲದ ಪುಸ್ತಕಕ್ಕೆ ಬಾಡಿಗೆ ಕಟ್ಟುವುದು ಯಾಕೆ, ಕೋಣೆ ಬಿಟ್ಟುಬಿಡೋಣ, ಪುಸ್ತಕ ಯಾರಿಗಾದರೂ ದಾನ ಕೊಡೋಣ. ಮುಂದಿನ ವಾರ್ಷಿಕ ಸಭೆಯೊಳಗೆ ಪಟ್ಟಿ ಹೊಸದಾಗಿ ತಯಾರಾಗಬೇಕು, ಇಲ್ಲವಾದರೆ ಗ್ರಂಥಾಲಯ ಮುಚ್ಚುತ್ತದೆ ಎಂದು ನಿರ್ಣಯವಾಯಿತು. ಕೈಯಲ್ಲಿದ್ದ ಹಣಕ್ಕೆ ಐದು ಹಳೆಯ ಲ್ಯಾಪ್‌ಟಾಪ್ ಬರುತ್ತಿದ್ದವು. ವಿಂಡೋಸ್ ಪರವಾನಗಿಗೆ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಡೆಬಿಯನ್.

ಡೆಬಿಯನ್ ಎಂದರೆ ಕಂಪ್ಯೂಟರ್ ನಡೆಸುವ ಒಂದು ಮುಕ್ತ ತಂತ್ರಾಂಶ ವ್ಯವಸ್ಥೆ. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಶುರುಮಾಡಿದ್ದು. ಗೆಳತಿ ಡೆಬ್ರಾಳ ಹೆಸರಿಗೆ ತನ್ನದನ್ನು ಸೇರಿಸಿ ಆ ಹೆಸರಿಟ್ಟ. ಅದಕ್ಕೆ ಮಾಲೀಕನಿಲ್ಲ. ಲೋಕದ ಬೇರೆ ಬೇರೆ ಕಡೆ ಕೂತ ಸುಮಾರು ಸಾವಿರ ಸದಸ್ಯರು ಮತ್ತು ಅವರ ಜೊತೆ ಕೈಜೋಡಿಸುವ ಇನ್ನೂ ಎಷ್ಟೋ ಜನ ತಮ್ಮ ಬಿಡುವಿನಲ್ಲಿ ಕಟ್ಟುತ್ತಾರೆ, ಮತ ಹಾಕಿ ನಾಯಕನನ್ನು ಆರಿಸುತ್ತಾರೆ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರ ವಿನ್ಯಾಸಗಳು ಅದರ ಉಗ್ರಾಣದಲ್ಲೇ ಇವೆ. ಶೆಟ್ರಿಗೆ ಇದನ್ನು ವಿವರಿಸಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ನಮ್ಮ ಸಂಘದ ಹಾಗೇ ಅನ್ನಿ. ಸಂಬಳ ಇಲ್ಲ, ಜಗಳ ಉಂಟು" ಎಂದರು.

ಅವರು ಮನೆಯಲ್ಲೇ ಒಮ್ಮೆ ಪ್ರಯತ್ನಿಸಿ ಬಂದಿದ್ದರು. ಡೆಬಿಯನ್ನಿನ ಜಾಲತಾಣಕ್ಕೆ ಹೋಗಿ, ಮುಖಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಓದಿದ್ದರು. "ಪಂಚಾಯ್ತಿ ನೋಟೀಸಿನ ಹಾಗೆ ಉಂಟು ಮಾರಾಯ್ರೆ. ಎಲ್ಲ ಬರೆದಿದ್ದಾರೆ, ತಕೊಳ್ಳುವುದು ಎಲ್ಲಿಂದ ಅಂತ ಬಿಟ್ಟು." ನಾನು ಅಂಗಡಿಯ ಪರದೆಯಲ್ಲಿ ಅದೇ ಪುಟ ತೆರೆದು ಬಲಗಡೆಯ ಮೇಲಿನ ಮೂಲೆ ತೋರಿಸಿದೆ. ಅಲ್ಲಿ ಚಿಕ್ಕ ಪೆಟ್ಟಿಗೆಯೊಂದರಲ್ಲಿ ಡೌನ್‌ಲೋಡ್ ಎಂದು ಬರೆದಿತ್ತು.

"ಅದಾ? ಅದು ಜಾಹೀರಾತು ಅಂತ ಮಾಡಿದೆ ನಾನು. ಮೂಲೆಯಲ್ಲಿ ಪೆಟ್ಟಿಗೆ ಇದ್ರೆ ಜಾಹೀರಾತೇ ಅಲ್ವಾ? ಪೇಪರಲ್ಲಿ ನಲವತ್ತು ವರ್ಷದಿಂದ ಹಾಗೇ ನೋಡಿದ್ದು."

ನನ್ನ ಹೊಟ್ಟೆಪಾಡು ವೆಬ್ ವಿನ್ಯಾಸ. ಇಂಥ ಮಾತು ಕೇಳಲು ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಜನರನ್ನು ಕೂರಿಸಿ ಪರೀಕ್ಷೆ ಮಾಡುತ್ತವೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಕಟಿಂಗ್ ಚಹಾಕ್ಕೆ ಸಿಕ್ಕಿತು.

ಅವರು ನೋಡಿದ ರೂಪ 2011ರ ಫೆಬ್ರುವರಿಯದು, ಡೆಬಿಯನ್ 6 ಬಿಡುಗಡೆಯಾದ ದಿನವೇ ಬಂದದ್ದು. ಅದಕ್ಕೆ ಮೊದಲು ಸುಮಾರು ಹದಿಮೂರು ವರ್ಷ ಹೆಚ್ಚುಕಡಿಮೆ ಒಂದೇ ಚಹರೆ ಇತ್ತು. ಸ್ವಯಂಸೇವಕರ ತಾಣ ಬದಲಾಗುವುದು ಯಾಕೆ ನಿಧಾನ ಎಂದು ನಗುವವರು ಒಳಗಿನ ಕಟ್ಟಡ ನೋಡಿಲ್ಲ. ಅಲ್ಲಿ ಸಾವಿರಾರು ಪುಟಗಳಿವೆ. ಹತ್ತಾರು ಭಾಷೆಗಳಿಗೆ ಜನ ಕೈಯಾರೆ ಅನುವಾದಿಸುತ್ತಾರೆ. ಪ್ರತಿ ಅನುವಾದದ ತಲೆಯಲ್ಲಿ, ಇದು ಇಂಗ್ಲಿಷಿನ ಯಾವ ಆವೃತ್ತಿಯಿಂದ ಆದದ್ದು ಎಂಬ ಗುರುತು ಇರುತ್ತದೆ. ಮೂಲದಲ್ಲಿ ಒಂದು ಸಾಲು ಬದಲಾದರೂ ಅಷ್ಟೂ ಭಾಷೆಯ ಪುಟಗಳು ಹಳತಾದವೆಂದು ದಾಖಲಾಗುತ್ತವೆ, ಬಹಳ ಹಿಂದುಳಿದರೆ ಓದುಗನಿಗೇ ಎಚ್ಚರಿಕೆ ಕಾಣಿಸುತ್ತದೆ. ಅಂದರೆ ಮುಖಪುಟದ ಒಂದು ಪ್ಯಾರಾ ಚಂದ ಮಾಡಲು ಹೊರಟವನು ಫ್ರಾನ್ಸಿನಲ್ಲೋ ಜಪಾನಿನಲ್ಲೋ ಕೂತ ಯಾರದೋ ಭಾನುವಾರ ಕೇಳುತ್ತಿದ್ದಾನೆ. ಅದರ ಮೇಲೆ, ಜಾವಾಸ್ಕ್ರಿಪ್ಟ್ ಇಲ್ಲದೆಯೂ ಪುಟ ನಡೆಯಬೇಕು, ಬರೀ ಅಕ್ಷರ ತೋರಿಸುವ ಬ್ರೌಸರಿನಲ್ಲೂ ತೆರೆಯಬೇಕು, ಕಣ್ಣು ಕಾಣದವರ ತಂತ್ರಾಂಶ ಅದನ್ನು ಓದಿ ಹೇಳುವಂತಿರಬೇಕು. ನನ್ನ ಗಿರಾಕಿಗಳ ಪೈಕಿ ಈ ಮೂರನ್ನೂ ಕೇಳಿದವರು ಇದುವರೆಗೆ ಯಾರೂ ಇಲ್ಲ.

ಆ ಶನಿವಾರ ನಮಗೆ ನಿಜವಾದ ತೊಂದರೆ ಬಂದದ್ದು ಡೌನ್‌ಲೋಡ್ ಆದ ಮೇಲೆ. ಪೆನ್‌ಡ್ರೈವಿಗೆ ಹಾಕಿ ಮೊದಲ ಲ್ಯಾಪ್‌ಟಾಪಿಗೆ ಸೇರಿಸಿದೆವು. ಭಾಷೆಗಳ ಪಟ್ಟಿ ಬಂತು, ಅದರಲ್ಲಿ ಕನ್ನಡವೂ ಇತ್ತು. ಶೆಟ್ರು ಅಂಗಡಿ ಹುಡುಗನನ್ನು ಕರೆದು ತೋರಿಸಿದರು. ಮುಂದೆ ಎರಡು ಹೆಜ್ಜೆ ಹೋಗುವಷ್ಟರಲ್ಲಿ, ವೈಫೈ ನಡೆಸುವ ಫರ್ಮ್‌ವೇರ್ ಕಡತ ಇಲ್ಲ, ನಿಮ್ಮ ಹತ್ತಿರ ಇದ್ದರೆ ಕೊಡಿ ಎಂದು ನಿಂತಿತು. ನಾವು ಇಳಿಸಿದ್ದು ಉಳಿದದ್ದನ್ನೆಲ್ಲ ಅಂತರ್ಜಾಲದಿಂದಲೇ ತರುವ ಚಿಕ್ಕ ಆವೃತ್ತಿ. ವೈಫೈ ಇಲ್ಲದಿದ್ದರೆ ಅದು ಕುಂಟು ಕುದುರೆ. ಅಂಗಡಿಯವನು ರೌಟರಿನಿಂದ ಕೇಬಲ್ ಎಳೆದುಕೊಟ್ಟ, ಆವತ್ತಿನ ಕೆಲಸ ಆಯಿತು. ಆದರೆ ಸಂಘದ ಕೋಣೆಯಲ್ಲಿ ರೌಟರೂ ಇಲ್ಲ ಕೇಬಲ್ಲೂ ಇಲ್ಲ, ಇರುವುದು ಕಾರ್ಯದರ್ಶಿಯ ಮೊಬೈಲ್ ಹಾಟ್‌ಸ್ಪಾಟ್. ವೈಫೈ ಕಡತವನ್ನು ಬೇರೆಯಾಗಿ ಹುಡುಕಿ ಐದರಲ್ಲೂ ಕೂರಿಸಿ ಡೊಂಬಿವಿಲಿ ಲೋಕಲ್ ಹಿಡಿಯುವಾಗ ರಾತ್ರಿ ಒಂಬತ್ತಾಗಿತ್ತು.

ಫರ್ಮ್‌ವೇರ್ ಸೇರಿಸಿದ ಆವೃತ್ತಿಯೂ ಆಗ ಇತ್ತು. ಅದಕ್ಕೆ 'ಅನಧಿಕೃತ' ಎಂಬ ಹಣೆಪಟ್ಟಿ ಹಚ್ಚಿ, ಗೊತ್ತಿದ್ದವರಿಗೆ ಮಾತ್ರ ಸಿಗುವ ಮೂಲೆಯಲ್ಲಿ ಇಟ್ಟಿದ್ದರು. ವಿನ್ಯಾಸಕಾರನ ಕಣ್ಣಿಗೆ ಇದು ಶುದ್ಧ ತಪ್ಪು. ಜನ ಹುಡುಕುವ ಬಾಗಿಲನ್ನೇ ಹಿತ್ತಲಿಗೆ ಹಾಕಿದ ಹಾಗೆ. ಆದರೆ ಅದು ಮರೆತು ಆದದ್ದಲ್ಲ. 1997ರಲ್ಲಿ ಡೆಬಿಯನ್ನಿನವರು ಒಂದು ಸಾಮಾಜಿಕ ಕರಾರು ಬರೆದುಕೊಂಡಿದ್ದಾರೆ, ಅದರ ಮೊದಲ ಮಾತೇ ಡೆಬಿಯನ್ ಪೂರ್ತಿ ಮುಕ್ತವಾಗಿರುತ್ತದೆ ಎಂಬುದು. ವೈಫೈ ಚಿಪ್ಪಿನ ಫರ್ಮ್‌ವೇರ್ ತಯಾರಕರ ಸ್ವತ್ತು, ಅದರ ಮೂಲ ಯಾರಿಗೂ ಸಿಗುವುದಿಲ್ಲ. ಕೊಟ್ಟ ಮಾತಿಗೆ ಮುಖಪುಟವನ್ನು ಹೊಂದಿಸಿದ್ದರು, ನಮ್ಮಂಥವರ ಅನುಕೂಲಕ್ಕಲ್ಲ. ಬಣ್ಣ ಬದಲಾಯಿಸಲು ಕಲಾವಿದ ಸಾಕು. ಆ ಬಾಗಿಲು ಮುಂದಕ್ಕೆ ತರಲು ಎಲ್ಲರ ಮತ ಬೇಕಿತ್ತು.

ಎರಡೂ ಬೇರೆ ಬೇರೆ ವೇಗದಲ್ಲಿ ನಡೆದವು. ತಾಣ ನೋಡಿಕೊಳ್ಳುವ ತಂಡ 2019ರ ಮಾರ್ಚಿನಲ್ಲಿ ಮ್ಯಾಡ್ರಿಡ್‌ನಲ್ಲಿ ಮೂರು ದಿನ ಒಟ್ಟಿಗೆ ಕೂತು ಹಳತನ್ನು ಕಿತ್ತುಹಾಕುವ ಕೆಲಸ ಹಿಡಿಯಿತು. 2020ರ ಡಿಸೆಂಬರಿನಲ್ಲಿ ಹೊಸ ಮುಖಪುಟ ಬಂತು. ಅಕ್ಷರ ಕಡಿಮೆ, ನಡುವೆ ದೊಡ್ಡದಾಗಿ ಡೌನ್‌ಲೋಡ್, ಕೆಳಗೆ ಸದಸ್ಯರ ಗುಂಪು ಫೋಟೋ. ಒಳಗಿನ ಎಷ್ಟೋ ಪುಟಗಳು ಇನ್ನೂ ಹಳೆಯ ಕಾಲದವೇ. ಚಾವಡಿಗೆ ಸುಣ್ಣ ಹೊಡೆದಿದ್ದಾರೆ, ಅಡಿಗೆಮನೆಯ ಮಸಿ ಹಾಗೇ ಇದೆ. ನನ್ನ ಲೆಕ್ಕದಲ್ಲಿ ಅದು ಸರಿಯಾದ ಕ್ರಮ. ಎಲ್ಲ ಒಟ್ಟಿಗೆ ಮಾಡುತ್ತೇವೆಂದು ಹೊರಟ ಎಷ್ಟೋ ಸ್ವಯಂಸೇವಾ ತಾಣಗಳು 'ಶೀಘ್ರದಲ್ಲೇ' ಎಂಬ ಪುಟದಲ್ಲೇ ಸತ್ತಿವೆ.

ಫರ್ಮ್‌ವೇರಿನ ಮತದಾನ ಮುಗಿದದ್ದು 2022ರ ಅಕ್ಟೋಬರ್ ಮೊದಲಲ್ಲಿ. ಎರಡು ಬಗೆಯ ಆವೃತ್ತಿ ಇಟ್ಟು ಜನರೇ ಆರಿಸಿಕೊಳ್ಳಲಿ ಎಂಬ ಆಯ್ಕೆಯೂ ಮತಕ್ಕೆ ಬಂದಿತ್ತು. ಗೆದ್ದದ್ದು ಒಂದೇ ಆವೃತ್ತಿ, ಅದರಲ್ಲಿ ಫರ್ಮ್‌ವೇರ್ ಸಹಿತ ಎಂಬುದು. ಕರಾರಿನ ಮಾತಿಗೂ ಅದಕ್ಕೆ ತಕ್ಕ ಸಾಲು ಸೇರಿಸಿದರು. 2023ರ ಜೂನ್ 10ರಂದು ಬಂದ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ಇದು ಸೋಲು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ಮಾತು ಹುಸಿಯಲ್ಲ. ಆದರೆ ಹಳೆಯ ಲ್ಯಾಪ್‌ಟಾಪ್ ಹಿಡಿದು ಕೂತ ಎಪ್ಪತ್ತು ದಾಟಿದವರ ಪಕ್ಕ ಕೂತು ನೋಡಿದವನಿಗೆ ಗೆದ್ದ ಪಕ್ಷವೇ ಸರಿ ಎನಿಸುತ್ತದೆ.

ನಡುವಿನ ಕಥೆ ಉದ್ದವೇನಿಲ್ಲ. ಕೊರೊನಾದಲ್ಲಿ ವಾರ್ಷಿಕ ಸಭೆ ಮುಂದೆ ಹೋದದ್ದು ಗ್ರಂಥಾಲಯಕ್ಕೆ ಅನುಕೂಲವೇ ಆಯಿತು. ಐದು ಮನೆಗಳಲ್ಲಿ ಐದು ಲ್ಯಾಪ್‌ಟಾಪ್ ಇಟ್ಟುಕೊಂಡು, ಪುಸ್ತಕದ ಮೊದಲ ಪುಟದ ಫೋಟೋ ನೋಡಿ ನೋಡಿ ಹೆಂಗಸರೇ ಹೆಚ್ಚಾಗಿ ಟೈಪು ಮಾಡಿದರು. ಸಭೆ ಸೇರುವಾಗ ಮೂರು ಸಾವಿರದ ಮೇಲೆ ಆಗಿತ್ತು. ಕೋಣೆ ಉಳಿಯಿತು. ಹಾಗೆಂದು ಬಾಡಿಗೆಯ ತಕರಾರು ನಿಂತಿಲ್ಲ.

ಕಳೆದ ವರ್ಷ ಒಂದು ಆಫೀಸಿನವರು ಮೂರು ಹಳೆಯ ಲ್ಯಾಪ್‌ಟಾಪ್ ದಾನ ಕೊಟ್ಟರು. ಶೆಟ್ರು ನನಗೆ ಹೇಳದೆ ತಾವೇ ಕೂತರು. ಹೊಸ ಮುಖಪುಟದಲ್ಲಿ ಒತ್ತಬೇಕಾದ್ದನ್ನು ಒತ್ತಿ, ಕಾರ್ಯದರ್ಶಿಯ ಹಾಟ್‌ಸ್ಪಾಟಿನಲ್ಲಿ, ಕನ್ನಡ ಆರಿಸಿಕೊಂಡು, ಒಂದು ಭಾನುವಾರದಲ್ಲಿ ಮೂರನ್ನೂ ಮುಗಿಸಿದ್ದರು. ಸಂಜೆ ಫೋನು ಬಂತು, ಹೊಗಳಿಕೆಯಲ್ಲ, ತಕರಾರು: "ಒಳಗೆ ಕನ್ನಡ ಉಂಟು. ಬಾಗಿಲಲ್ಲಿ ಯಾಕಿಲ್ಲ?"

ಸರಿಯಾದ ಪ್ರಶ್ನೆ. ಬ್ರೌಸರಿನಲ್ಲಿ ನಾವು ಆರಿಸಿದ ಭಾಷೆ ನೋಡಿ ತಾಣವೇ ಆ ಭಾಷೆಯ ಪುಟ ಕೊಡುತ್ತದೆ, ಅದು ಬಹಳ ಹಿಂದಿನಿಂದ ಇರುವ ಸೌಲಭ್ಯ. ಕನ್ನಡ ಕೇಳಿದರೆ ಇಂಗ್ಲಿಷ್ ಬರುವುದು ಕನ್ನಡದ ಪುಟವನ್ನು ಯಾರೂ ಬರೆದಿಟ್ಟಿಲ್ಲವಾದ್ದರಿಂದ. ಬರೆಯಲು ಯಾರ ಅಪ್ಪಣೆಯೂ ಬೇಡ, ತಪ್ಪದೆ ನೋಡಿಕೊಳ್ಳುವವರು ಬೇಕು. ನಮಗೆ ಹೆದರಿಕೆ ಅದೇ.

ಆದರೂ ಮುಖಪುಟವೊಂದನ್ನಾದರೂ ಮಾಡೋಣವೆಂದು ಎರಡು ಭಾನುವಾರ ಗ್ರಂಥಾಲಯದ ಮೇಜಿನ ಮೇಲೆ ಕೂತೆವು. ಡೌನ್‌ಲೋಡಿಗೆ 'ಇಳಿಸಿಕೊಳ್ಳಿ' ಎಂದು ಬೇಗ ಒಪ್ಪಿಗೆಯಾಯಿತು. ಜಗಳ ಹತ್ತಿದ್ದು ಗುಂಪು ಫೋಟೋದ ಪಕ್ಕದ ಮಾತಿಗೆ, ಕಮ್ಯುನಿಟಿಗೆ. ನಾನು 'ಸಮುದಾಯ' ಎಂದು ಬರೆದೆ. ಶೆಟ್ರು ಕನ್ನಡಕ ಏರಿಸಿ ಫೋಟೋ ನೋಡಿದರು. ಒಬ್ಬ ಕಣ್ಣು ಮುಚ್ಚಿದ್ದಾನೆ, ಹಿಂದಿನ ಸಾಲಿನವರು ಅರ್ಧ ಮರೆ. "ಇದು ನಮ್ಮ ವಾರ್ಷಿಕೋತ್ಸವದ ಫೋಟೋವೇ. ಸಮುದಾಯ ಅಂದ್ರೆ ಇಲ್ಲಿ ಮುಂಬೈಯಲ್ಲಿ ಜಾತಿ ಅಂತ ಅರ್ಥ ಮಾಡ್ತಾರೆ ಮಾರಾಯ್ರೆ. 'ಸಂಘ' ಅಂತ ಬರೀರಿ." ಸಂಘ ಎಂದರೆ ನೋಂದಣಿ, ಅಧ್ಯಕ್ಷ, ವಂತಿಗೆ ಎಂದೆಲ್ಲ ಬರುತ್ತದೆ ಎಂದೆ ನಾನು. "ಅವರಿಗೂ ಇರಬಹುದು" ಎಂದರು ಅವರು.

ಕರಡಿನಲ್ಲಿ ಸದ್ಯಕ್ಕೆ ಎರಡೂ ಇವೆ, ನಡುವೆ ಒಂದು ಓರೆ ಗೆರೆ.