ಅವ್ವ ದಾಟದ ಹೊಸ್ತಿಲು

ನಮ್ಮ ವೈನರಿಗೊಂದು ಹೊಸ್ತಿಲಿದೆ. ಸಿಮೆಂಟಿನದು, ನಾಲ್ಕು ಇಂಚು ಎತ್ತರ. ಒಳಗೆ ತೊಳೆದ ನೀರು ಹೊರಗೆ ಹರಿಯದಿರಲಿ ಎಂದು ಕಟ್ಟಿಸಿದ್ದು. 2012ರಿಂದ 2020ರವರೆಗೆ, ಎಂಟು ವರ್ಷ, ನಮ್ಮವ್ವ ಅದನ್ನು ದಾಟಲಿಲ್ಲ. ಊಟದ ಡಬ್ಬಿ ತಂದು ಹೊಸ್ತಿಲ ಮೇಲಿಡುವಳು, ಒಂದು ಸಲ ಕೂಗುವಳು, ತಿರುಗಿ ಹೋಗುವಳು. ತಮಾಷೆಯೆಂದರೆ ಆ ಕಟ್ಟಡ ನಿಂತಿರುವ ಜಮೀನು, ಸುತ್ತಲಿನ ನಾಲ್ಕು ಎಕರೆ ದ್ರಾಕ್ಷಿ, ಎಲ್ಲ ಅವಳ ಹೆಸರಿನಲ್ಲಿಯೇ ಇದೆ. ಸಾತ್-ಬಾರಾ ಉತಾರದಲ್ಲಿ ಬೇರೆ ಯಾರ ಹೆಸರೂ ಇಲ್ಲ.

ಅಪ್ಪನದು ವಿಜಯಪುರದ ಹತ್ತಿರದ ಟಿಕೋಟಾ. ಒಣದ್ರಾಕ್ಷಿಯ ಊರು. ಪಿಂಪ್ರಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದವನು ಇಲ್ಲಿಯವಳನ್ನೇ ಮದುವೆಯಾಗಿ ಉಳಿದ. ಅವ್ವ ಜುನ್ನರ್ ತಾಲ್ಲೂಕಿನ ಮಾಳಕರಿ ಮನೆಯವಳು. ಮಾಳಕರಿ ಅಂದರೆ ಕೊರಳಲ್ಲಿ ತುಳಸಿ ಮಾಲೆ ಹಾಕಿಕೊಂಡವರು; ಮಾಂಸ ಇಲ್ಲ, ಮದ್ಯ ಇಲ್ಲ, ಆಷಾಢಕ್ಕೆ ಪಂಢರಪುರಕ್ಕೆ ನಡೆದು ಹೋಗುವುದು. ಅತ್ತೆಯಿಂದ ಕಲಿತ ಟಿಕೋಟಾ ಕನ್ನಡದಲ್ಲಿ ಮರಾಠಿ ಬೆರೆಸಿ ಮಾತಾಡುತ್ತಾಳೆ. ತವರಿನಿಂದ ಪಾಲಿಗೆ ಬಂದ ಜಮೀನು ನಾರಾಯಣಗಾಂವದ ಹತ್ತಿರ, ಪುಣೆಯಿಂದ ನಾಸಿಕದ ರಸ್ತೆಯಲ್ಲಿ 75 ಕಿಲೋಮೀಟರ್ ದೂರ. ಕುಕಡಿ ಕಾಲುವೆಯ ನೀರು, ಸುತ್ತ ಕಬ್ಬು ಮತ್ತು ಟೊಮೆಟೊ, ಆಚೆ ಖೋಡದ ಊರಿನಲ್ಲಿ ಆಕಾಶಕ್ಕೆ ಬಾಯಿ ತೆರೆದು ನಿಂತ ರೇಡಿಯೋ ದೂರದರ್ಶಕದ 45 ಮೀಟರ್ ಅಗಲದ ತಟ್ಟೆಗಳು.

ಮೊದಲಿಗೆ ನಾವು ವೈನ್ ಮಾಡುವವರಾಗಿರಲಿಲ್ಲ. ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದ ಮೇಲೆ ನಾಸಿಕದ ಕಡೆ ವೈನರಿಗಳು ಸಾಲಾಗಿ ಎದ್ದವು. ಬೇರೆ ಜಿಲ್ಲೆಯ ಕಂಪನಿಯೊಂದು ಒಪ್ಪಂದಕ್ಕೆ ಬಂತು. 2006ರಲ್ಲಿ ಅಪ್ಪ ಎರಡು ಎಕರೆ ಶಿರಾಜ್, ಎರಡು ಎಕರೆ ಶೆನಿನ್ ಬ್ಲಾಂಕ್ ಹಚ್ಚಿದ. ಮೂರು ವರ್ಷ ಚೆನ್ನಾಗಿತ್ತು. 2008ರ ಆರ್ಥಿಕ ಕುಸಿತ, ಆ ನವೆಂಬರಿನ ಮುಂಬೈ ದಾಳಿ, ಹೋಟೆಲುಗಳು ಖಾಲಿ, ಎಲ್ಲರ ಟ್ಯಾಂಕುಗಳೂ ತುಂಬಿ ತುಳುಕಿದವು. ಮುಂದಿನ ವರ್ಷ ಆ ಕಂಪನಿ ಮಾಲು ಒಯ್ದು ದುಡ್ಡು ಕೊಡಲಿಲ್ಲ. ಅದರ ಮುಂದಿನ ವರ್ಷ ಮಾಲನ್ನೂ ಒಯ್ಯಲಿಲ್ಲ.

ಇಲ್ಲೊಂದು ಸಂಗತಿ ನಿಮಗೆ ಗೊತ್ತಿರಲಿ. ವೈನ್ ದ್ರಾಕ್ಷಿಯನ್ನು ಸಂತೆಗೆ ಒಯ್ದು ಮಾರಲಾಗುವುದಿಲ್ಲ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಒಣಗಿಸೋಣವೆಂದರೆ ಬೀಜದ ಒಣದ್ರಾಕ್ಷಿ ಯಾರಿಗೆ ಬೇಕು? ಎಷ್ಟೋ ರೈತರು ಆ ವರ್ಷಗಳಲ್ಲಿ ಬಳ್ಳಿಗಳನ್ನು ಬುಡಸಮೇತ ಕಿತ್ತರು. ಅಪ್ಪ ಮಾತ್ರ ಕೀಳಲಿಲ್ಲ. ನಾನಾಗ ಪುಣೆಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದೆ. ಫೋನಿನಲ್ಲಿ ಕೇಳಿದ, "ಯವ್ವಾ, ಇದರ ರಸಾ ಹುಳಿ ಬರಸೂದು ನಿನ್ನ ಕೆಮಿಸ್ಟ್ರಿಯಾಗ ಬರ್ತದನು?" ಬರುತ್ತದೆ ಅಂದೆ. ಆ ಒಂದು ಮಾತಿಗೆ ಹನ್ನೆರಡು ವರ್ಷಕ್ಕೂ ಮಿಕ್ಕಿ ದುಡಿಯುತ್ತಿದ್ದೇನೆ.

ಸಾಲಕ್ಕೆ ಅವ್ವನ ಸಹಿ ಬೇಕಿತ್ತು. ಮೂರು ದಿನ ಮಾತಾಡಲಿಲ್ಲ ಅವಳು. ಅಪ್ಪನ ವಾದ ಒಂದೇ: "ನಮ್ಮೂರಾಗ ದ್ರಾಕ್ಷಿ ಒಣಗಸ್ತೀವಿ, ಇಲ್ಲಿ ಕೊಳಸ್ತೀವಿ. ಪಾಪ ಹಣ್ಣಿಂದಲ್ಲ, ಕುಡಿಯಾವಂದು." ಅವ್ವ ಇದನ್ನು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಸಹಿ ಹಾಕಿದ್ದು ಬಡ್ಡಿಯ ಲೆಕ್ಕ ನೋಡಿ. ಮೂರು ಷರತ್ತು ಹಾಕಿದಳು. ತಾನು ಒಳಗೆ ಕಾಲಿಡುವುದಿಲ್ಲ. ಒಂದು ಬಾಟಲಿಯೂ ಮನೆಯೊಳಗೆ ಬರಕೂಡದು. ಏಕಾದಶಿಗೆ ಬೀಗ. ಹುದುಗುವ ಟ್ಯಾಂಕಿಗೆ ಏಕಾದಶಿ ಗೊತ್ತಾಗುವುದಿಲ್ಲ ಎಂದು ನಾನು ಹೇಳಿ ನೋಡಿದೆ. "ಅದಕ್ಕ ಗೊತ್ತಾಗೂದು ಬ್ಯಾಡ, ನಿನಗ ಗೊತ್ತಾಗ್ಲಿ" ಅಂದಳು. ಇಂದಿಗೂ ಏಕಾದಶಿಯ ದಿನ ನಸುಕಿನಲ್ಲಿ ಒಮ್ಮೆ, ರಾತ್ರಿ ಹನ್ನೆರಡರ ಮೇಲೊಮ್ಮೆ ಮಾತ್ರ ಟ್ಯಾಂಕು ನೋಡುತ್ತೇನೆ.

ತೋಟ ಮಾತ್ರ ಅವಳದೇ. ಯುರೋಪಿನಲ್ಲಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೊಂದು ಸಲ ಕತ್ತರಿ ಹಾಕಿದರೆ ಮುಗಿಯಿತು. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಅದಕ್ಕೇ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿಯಲ್ಲಿ ಬೋಳಾಗುವಂತೆ ಕತ್ತರಿಸುತ್ತೇವೆ. ಉರಿಬಿಸಿಲಲ್ಲಿ ಹೊಸ ಕಡ್ಡಿ ಹೊರಡುತ್ತದೆ, ಮುಂದಿನ ಹಂಗಾಮಿನ ಗೊನೆ ಆ ಕಡ್ಡಿಯ ಕಣ್ಣಿನೊಳಗೆ ಆಗಲೇ ರೂಪುಗೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮೇ ತಿಂಗಳಲ್ಲಿ ನೀರು ಹೆಚ್ಚಾದರೆ ಕಣ್ಣಿನೊಳಗೆ ಗೊನೆಯ ಬದಲು ಬರೀ ಬಳ್ಳಿ ಕೂರುತ್ತದೆ. ಅದು ಗೊತ್ತಾಗುವುದು ದಸರೆಯಾದ ಮೇಲೆ. ಪುಣೆಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ಈ ಕಣ್ಣುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಸೀಳಿ ನೋಡುವುದನ್ನು ಕಂಡು ಬಂದೆ. ಅವ್ವ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ, ದುಂಡಗಿದೆಯೋ ಚಪ್ಪಟೆಯಿದೆಯೋ ನೋಡಿ ಹೇಳುತ್ತಾಳೆ. ಅವಳದು ತಪ್ಪಿದ್ದೂ ಇದೆ, ಇಲ್ಲವೆನ್ನುವುದಿಲ್ಲ.

ಎರಡನೆಯದು ಅಕ್ಟೋಬರ್ ಚಾಟ್ನಿ, ಹಣ್ಣಿಗಾಗಿ. ಕತ್ತರಿಸಿದ ಮರುದಿನವೇ ಕಣ್ಣುಗಳಿಗೆ ಔಷಧಿ ಒರೆಸುತ್ತೇವೆ, ಎಲ್ಲ ಒಟ್ಟಿಗೆ ಒಡೆಯಲಿ ಎಂದು. ಹೈಡ್ರೋಜನ್ ಸಯನಮೈಡ್ ಅದು, ಕೈ ಸುಡುವಂಥದು. ಕೂಲಿಗೆ ಬರುವ ಹೆಂಗಸರು ಕೈಗವಸು ಹಾಕಿಕೊಳ್ಳದೆ ಬಟ್ಟೆ ಅದ್ದಿ ಒರೆಸುವುದು ಈ ಭಾಗದಲ್ಲಿ ಸಾಮಾನ್ಯ. ನಮ್ಮಲ್ಲಿ ಕೈಗವಸಿಲ್ಲದೆ ಸಾಲಿಗೆ ಇಳಿಯುವಂತಿಲ್ಲ. ಇದೂ ಅವ್ವನ ಕಾನೂನು. ಅಲ್ಲಿಂದ ಸುಮಾರು ನಾಲ್ಕೂವರೆ ತಿಂಗಳಿಗೆ ಕೊಯ್ಲು. ತಿನ್ನುವ ದ್ರಾಕ್ಷಿಯವರು ಎಕರೆಗೆ ಹತ್ತು ಟನ್ನಿನ ಮೇಲೆ ಬೆಳೆಯುತ್ತಾರೆ. ನಾವು ಬೇಕೆಂದೇ ಗೊನೆ ಉದುರಿಸಿ ಮೂರು ಟನ್ನಿಗೆ ಇಳಿಸುತ್ತೇವೆ. ಹಸಿರು ಗೊನೆಗಳನ್ನು ಕತ್ತರಿಸಿ ನೆಲಕ್ಕೆ ಹಾಕುವ ಆ ಎರಡು ದಿನ ಅವ್ವ ತೋಟದ ಕಡೆ ಬರುವುದಿಲ್ಲ.

ಕೊಯ್ಲು ನಸುಕಿನಲ್ಲಿ, ನಾಲ್ಕರಿಂದ ಎಂಟರೊಳಗೆ. ಬಿಸಿಲೇರಿದ ಹಣ್ಣು ಕ್ರೇಟಿನಲ್ಲೇ ಹುದುಗಲು ಶುರುಮಾಡುತ್ತದೆ. ಜುನ್ನರ್ ಭಾಗದ ಕಬ್ಬಿನಲ್ಲಿ ಚಿರತೆಗಳು ಮರಿ ಹಾಕುತ್ತವೆ. ಮಾಣಿಕಡೋಹದಲ್ಲಿ ಅವುಗಳಿಗೆಂದೇ ಪುನರ್ವಸತಿ ಕೇಂದ್ರವಿದೆ. ಹಾಗಾಗಿ ನಮ್ಮ ಕೊಯ್ಲು ಎಂದರೆ ಹಣೆಗೆ ಬ್ಯಾಟರಿ ಕಟ್ಟಿಕೊಂಡ ಹದಿನೈದು ಹೆಂಗಸರು ಗಟ್ಟಿಯಾಗಿ ಮಾತಾಡುತ್ತ, ಮೊಬೈಲಿನಲ್ಲಿ ಭಜನೆ ಹಚ್ಚಿಕೊಂಡು ಗೊನೆ ಕೊಯ್ಯುವುದು. ಸಿಹಿ ಅಳೆಯುವ ನನ್ನ ಮಾಪಕದಲ್ಲಿ ಶಿರಾಜ್ 24 ಬ್ರಿಕ್ಸ್ ತೋರಿಸಿದರೆ ವೈನಿಗೆ ಶೇಕಡಾ 13ರಷ್ಟು ಆಲ್ಕೋಹಾಲು ಬರುತ್ತದೆ. ಒಳ್ಳೆಯ ವರ್ಷ ಹನ್ನೆರಡು ಟನ್ ಹಣ್ಣು, ಏಳು ಸಾವಿರ ಲೀಟರು ವೈನ್, ಒಂಬತ್ತು ಸಾವಿರ ಚಿಲ್ಲರೆ ಬಾಟಲಿ. ಕೆಂಪು ವೈನು ಸಿಪ್ಪೆಯ ಜೊತೆಗೇ ಹುದುಗಬೇಕು. ಸಿಪ್ಪೆ ಮೇಲೆ ತೇಲಿ ದಪ್ಪ ರೊಟ್ಟಿಯಂತೆ ಕಟ್ಟುತ್ತದೆ, ಅದನ್ನು ದಿನಕ್ಕೆ ಮೂರು ಸಲ ಒಳಕ್ಕೆ ಒತ್ತಬೇಕು. ಟ್ಯಾಂಕಿನ ಬಾಯಿಗೆ ಮುಖ ಕೊಟ್ಟು ಬಗ್ಗುವಂತಿಲ್ಲ; ಇಂಗಾಲದ ಡೈಆಕ್ಸೈಡು ನಿಂತ ನೀರಿನ ಹಾಗೆ ಅಲ್ಲೇ ತುಂಬಿರುತ್ತದೆ. ಅಪ್ಪ ಕೊನೆಯವರೆಗೂ ಒಂದು ಹನಿ ನಾಲಿಗೆಗೆ ಹಚ್ಚಲಿಲ್ಲ. ದೂರ ನಿಂತು ಮೂಸಿ, "ಇನ್ನ ಎರಡ ದಿನ" ಎನ್ನುತ್ತಿದ್ದ. 2017ರಲ್ಲಿ ಹೋದ.

ಬಾಟಲಿ ಟಿಕೋಟಾಕ್ಕೆ ಹೋಗಿದೆಯೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಒಂದೊಂದು ರಾಜ್ಯಕ್ಕೂ ಒಂದೊಂದು ಅಬಕಾರಿ, ಲೇಬಲ್ ನೋಂದಣಿ ಬೇರೆ, ಶುಲ್ಕ ಬೇರೆ. ನಮ್ಮಂಥವರಿಗೆ ರಾಜ್ಯದ ಗಡಿ ದೇಶದ ಗಡಿಗಿಂತ ದೊಡ್ಡದು.

ಈಗ 2019ಕ್ಕೆ ಬರುತ್ತೇನೆ. ಆ ವರ್ಷ ಬೇಗ ಕೊಯ್ಯುವ ಆಸೆಗೆ ಸೆಪ್ಟೆಂಬರ್ 20ಕ್ಕೇ ಚಾಟ್ನಿ ಮಾಡಿಸಿದ್ದೆ. ಅವ್ವ ಬೇಡವೆಂದಿದ್ದಳು. ಗೊನೆ ಹೂವಿಗೆ ಬಂದಾಗ ಅಕ್ಟೋಬರ್ ಕೊನೆ. ಮಳೆ ನಿಲ್ಲಲೇ ಇಲ್ಲ. ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರು ಆ ದೀಪಾವಳಿಯನ್ನು ಮರೆಯುವುದಿಲ್ಲ. ಎಲೆಯ ಕೆಳಗೆ ಡೌನಿಯ ಬಿಳಿ ಬೂಷ್ಟು, ಹೂಗೊನೆ ಮುಟ್ಟಿದರೆ ಕೈಯಲ್ಲೇ ಕೊಳೆತು ಬರುತ್ತಿತ್ತು. ಬೋರ್ಡೋ ಹೊಡೆದರೆ ಅರ್ಧ ಗಂಟೆಯಲ್ಲಿ ಮಳೆ ತೊಳೆದುಕೊಂಡು ಹೋಗುವುದು. ಹನ್ನೆರಡು ಟನ್ನಿನ ಜಾಗದಲ್ಲಿ ನಾಲ್ಕು ಟನ್ ಬಂತು. ಅದೂ ಹೆಚ್ಚಿನದು ಶೆನಿನ್.

ಆ ನಾಲ್ಕು ಟನ್ನು ಟ್ಯಾಂಕಿನಲ್ಲಿದ್ದಾಗ ಲಾಕ್‌ಡೌನ್. ಹೋಟೆಲು, ರೆಸ್ಟೋರೆಂಟು ಬಂದ್. ನಮ್ಮ ಮುಕ್ಕಾಲು ವ್ಯಾಪಾರವೇ ಅದು. ಜೂನ್ 3ರಂದು ನಿಸರ್ಗ ಚಂಡಮಾರುತ ಕೊಂಕಣ ದಾಟಿ ನಮ್ಮ ಮೇಲೆ ಬಂತು. ವಿದ್ಯುತ್ ಕಂಬಗಳು ಮಲಗಿದವು. ಬಿಳಿ ವೈನಿನ ಟ್ಯಾಂಕು ತಣ್ಣಗಿರಬೇಕು. ಹತ್ತು ದಿನ ಡೀಸೆಲ್ ಜನರೇಟರಿನ ಮೇಲೆ ನಡೆಸಿದೆ, ಅದಕ್ಕೂ ಸಾಲ. ಇನ್ನು ಕಾಯುವಂತಿಲ್ಲ, ಶೆನಿನ್ ಬಾಟಲಿಗೆ ಇಳಿಯಲೇಬೇಕು. ಆದರೆ ಕೆಲಸದವರು ಊರು ಬಿಟ್ಟಿದ್ದರು. ಇದ್ದದ್ದು ನಾನು, ತಮ್ಮ, ಒಬ್ಬ ಹುಡುಗ.

ಆ ವರ್ಷ ವಾರಿಯೂ ಇರಲಿಲ್ಲ. ಆಳಂದಿ, ದೇಹುವಿನಿಂದ ಲಕ್ಷಗಟ್ಟಲೆ ಜನ ನಡೆಯುವ ದಾರಿ ಖಾಲಿ ಬಿದ್ದಿತ್ತು. ಅವ್ವ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಆಷಾಢದಲ್ಲಿ ಮನೆಯಲ್ಲಿದ್ದಳು. ಜೂನ್ 30, ಏಕಾದಶಿಯ ಹಿಂದಿನ ದಿನ, ಜ್ಞಾನೇಶ್ವರರ, ತುಕಾರಾಮರ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋಗುವುದನ್ನು ಟಿವಿಯಲ್ಲಿ ನೋಡಿದಳು. ನೋಡಿ ಎದ್ದು ಡಬ್ಬಿ ತಂದಳು. ಹೊಸ್ತಿಲ ಮೇಲಿಟ್ಟಳು. ಕೂಗಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಲೇಬಲ್ಲಿನ ಮೇಜಿನ ಮುಂದೆ ನಿಂತಿದ್ದಳು.

"ಯಾವ ಕಡೆ ಮ್ಯಾಲ?"

ನಾನು ತೋರಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮಾಲೆಯನ್ನು ಕುಪ್ಪಸದೊಳಗೆ ಸೇರಿಸಿದಳು. ಸಂಜೆಯವರೆಗೆ ಆರುನೂರು ಬಾಟಲಿಗೆ ಲೇಬಲ್ ಅಂಟಿಸಿದಳು. ನಮಗಿಂತ ನೆಟ್ಟಗೆ, ಒಂದೂ ಸೊಟ್ಟ ಇರಲಿಲ್ಲ. ನಡುವೆ ಒಮ್ಮೆ ಮಾತ್ರ ಕೇಳಿದಳು, "ನಿಮ್ಮಪ್ಪ ಎಲ್ಲಿ ನಿಂತು ಮೂಸತಿದ್ದ?" ಏಳು ಗಂಟೆಗೆ ಕೈ ತೊಳೆದುಕೊಂಡು, "ನಾಳಿ ಬೀಗ, ನೆಪ್ಪಿರಲಿ" ಎಂದು ಹೋದಳು.

ಇದರಿಂದ ಅವ್ವ ಬದಲಾದಳು ಎಂದುಕೊಂಡರೆ ತಪ್ಪು. 2022ರ ಜನವರಿಯಲ್ಲಿ ಸೂಪರ್‌ಮಾರ್ಕೆಟ್ಟುಗಳಲ್ಲಿ ವೈನ್ ಮಾರಬಹುದೆಂದು ರಾಜ್ಯದ ಸಂಪುಟ ತೀರ್ಮಾನಿಸಿದಾಗ ತಮ್ಮ ಪೇಡೆ ತಂದ. ಅಣ್ಣಾ ಹಜಾರೆಯವರು ಉಪವಾಸ ಕೂರುತ್ತೇನೆಂದರು. ಅವ್ವ ಪೇಡೆ ತಿಂದಳು, ಅಣ್ಣಾ ಹೇಳುವುದೇ ಸರಿ ಅಂದಳು. ಕಿರಾಣಿ ಅಂಗಡಿಯಲ್ಲಿ ಹಾಲಿನ ಪಕ್ಕ ಇದನ್ನಿಟ್ಟರೆ ಮಕ್ಕಳು ಏನು ಕಲಿಯಬೇಕು? ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ಕುಡಿದು ಮನೆ ಹಾಳುಮಾಡಿಕೊಂಡವರ ಹೆಂಡಂದಿರು ನಮ್ಮಲ್ಲೇ ಕೂಲಿಗೆ ಬರುತ್ತಾರೆ. ನಮ್ಮ ಏಳುನೂರು ರೂಪಾಯಿಯ ಬಾಟಲಿ ಅವರ ಗಂಡಂದಿರು ಕುಡಿಯುವಂಥದ್ದಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಅವ್ವ ಮಾಡಿಕೊಳ್ಳುವುದಿಲ್ಲ.

ಈಗ ಶಿರಾಜ್ ಬಳ್ಳಿಗಳಿಗೆ ವಯಸ್ಸಾಯಿತು. ಕಾಂಡಗಳು ಒಳಗಿನಿಂದ ಒಣಗುತ್ತಿವೆ, ಎಕರೆಗೆ ಒಂದೂವರೆ ಟನ್ನೂ ಬರುತ್ತಿಲ್ಲ. ಕಿತ್ತು ಹೊಸದು ಹಚ್ಚಬೇಕು. ತಮ್ಮ ತಿನ್ನುವ ದ್ರಾಕ್ಷಿ ಹಚ್ಚೋಣ ಎನ್ನುತ್ತಾನೆ. ನಾಲ್ಕು ಪಟ್ಟು ಇಳುವರಿ, ಯಾರಿಗೂ ಲೈಸೆನ್ಸು ತೋರಿಸಬೇಕಿಲ್ಲ. ಅವನ ಲೆಕ್ಕ ತಪ್ಪಲ್ಲ. ಸಾಲದ ಕಾಗದ ಮತ್ತೆ ಅವ್ವನ ಮುಂದೆ ಹೋಯಿತು. ನಾನು ಈ ಸಲ ಏನೂ ಕೇಳಲಿಲ್ಲ, ಅವಳಿಗೇ ಬಿಟ್ಟೆ.

ಒಂದು ವಾರ ದಿನಾ ಸಾಲಿನಲ್ಲಿ ಅಡ್ಡಾಡಿದಳು. ಕಳೆದ ಭಾನುವಾರ ಕನ್ನಡಕ ಹಾಕಿಕೊಂಡು ಸಹಿ ಮಾಡಿದಳು. ಒಂದು ಎಕರೆ ತಮ್ಮನಿಗೆ, ಒಂದು ಎಕರೆ ಶಿರಾಜ್. ಡಾಗ್‌ರಿಡ್ಜ್ ಬೇರಿನ ಸಸಿ ಫೆಬ್ರುವರಿಯಲ್ಲಿ ಬರುತ್ತವೆ, ಆಗಸ್ಟಿನಲ್ಲಿ ಅದಕ್ಕೆ ಕಸಿ. ಕಸಿಯ ಕಡ್ಡಿಗಳನ್ನು ಹೊರಗಿನಿಂದ ತರುವುದು ಬೇಡವಂತೆ. ಬಾವಿಯ ಕಡೆಯ ಮೂರನೇ ಸಾಲಿನಲ್ಲಿ ಅಪ್ಪ ಹಚ್ಚಿದ ಹನ್ನೊಂದು ಬಳ್ಳಿ ಇನ್ನೂ ಗಟ್ಟಿಯಿವೆ. ಅವಕ್ಕೆ ಕೆಂಪು ದಾರ ಕಟ್ಟಿ ಬಂದಿದ್ದಾಳೆ.