ಕೈಗಡಿಯಾರದ ರಾತ್ರಿ

ಯಂತ್ರ ನಮ್ಮ ಕೆಲಸವನ್ನು ಮಾಡಿಕೊಟ್ಟರೆ ಯಾರಿಗೂ ಬೇಸರವಿಲ್ಲ. ಅದು ನಮ್ಮ ಪರವಾಗಿ ತೀರ್ಮಾನ ಮಾಡಲು ಹೊರಟಾಗಲೇ ತಕರಾರು ಹುಟ್ಟುವುದು. ಗ್ರೈಂಡರು ಹಿಟ್ಟು ರುಬ್ಬಿದರೆ ಸಂತೋಷ. ‘ಈ ಮನೆಯವರಿಗೆ ನಾಳೆ ಇಡ್ಲಿ ಬೇಡ, ದೋಸೆಯೇ ಸಾಕು’ ಎಂದು ಅದೇ ನಿಶ್ಚಯಿಸಿ ಹಿಟ್ಟನ್ನು ನುಣ್ಣಗೆ ಮಾಡಿಟ್ಟರೆ ಅಂಥ ಗ್ರೈಂಡರನ್ನು ಯಾವ ಗೃಹಿಣಿ ತಾನೆ ಮನೆಯಲ್ಲಿಟ್ಟುಕೊಂಡಾಳು? ಆದರೆ ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಒಂದೂವರೆ ವರ್ಷದಿಂದ ಇಂಥದೇ ಒಂದು ಯಂತ್ರ ಬಿಡಾರ ಹೂಡಿದೆ. ನನಗೆ ಎಷ್ಟು ಬೆಳಕು ಬೇಕು, ರಾತ್ರಿ ಯಾವಾಗ ಆಯಿತು, ನಾನು ಮಲಗಿದ್ದೇನೆಯೋ ಎದ್ದಿದ್ದೇನೆಯೋ, ಇವನ್ನೆಲ್ಲ ನನ್ನನ್ನು ಒಂದು ಮಾತೂ ಕೇಳದೆ ಅದೇ ನಿರ್ಣಯಿಸುತ್ತದೆ. ಇದಕ್ಕೆ ಸ್ಮಾರ್ಟ್ ವಾಚು ಎಂದು ಹೆಸರು. ಜಾಣ ಗಡಿಯಾರವೆಂದು ಕನ್ನಡಿಸಬಹುದು. ಆದರೆ ಜಾಣನಿಗೂ ಅತಿಜಾಣನಿಗೂ ಇರುವ ಅಂತರವನ್ನು ನಮ್ಮ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನು ನಾನಾಗಿ ಕೊಂಡದ್ದಲ್ಲ. ಬೆಂಗಳೂರಿನಲ್ಲಿರುವ ನನ್ನ ಭಾಮೈದ ತಂದು ಕಟ್ಟಿದ. “ಭಾವ, ನೀವಿನ್ನೂ ಕೀಲಿ ಕೊಡೋ ಕಾಲದಲ್ಲೇ ಇದ್ದೀರಿ” ಎಂದು ನಕ್ಕ. ದಿನಕ್ಕೆ ಎಷ್ಟು ಹೆಜ್ಜೆ ನಡೆದೆ, ನಾಡಿ ಎಷ್ಟು ಬಾರಿ ಮಿಡಿಯಿತು ಎಂದೆಲ್ಲ ಅದು ಲೆಕ್ಕ ಇಡುತ್ತದೆ. ಇಟ್ಟುಕೊಳ್ಳಲಿ. ಶಾನುಭೋಗನೊಬ್ಬ ಕೈಮೇಲೆ ಕುಳಿತಿದ್ದಾನೆಂದು ಸುಮ್ಮನಾಗಿದ್ದೇನೆ. ನನಗೂ ಅದಕ್ಕೂ ಜಗಳವೆಲ್ಲ ಬೆಳಕಿನ ವಿಷಯದಲ್ಲಿ.

ಮೇಷ್ಟ್ರಾದವನು ಕೈಯಾಡಿಸದೆ ಪಾಠ ಹೇಳಲಾರ. ಹಳಗನ್ನಡದ ಒಂದು ಸಮಾಸವನ್ನು ಬಿಡಿಸುವಾಗ ಎರಡು ಕೈಗಳೂ ಮೇಲೇಳಲೇಬೇಕು. ಕೈ ಎದ್ದೊಡನೆ ವಾಚು, ‘ಇವರು ಗಂಟೆ ನೋಡುತ್ತಿದ್ದಾರೆ’ ಎಂದು ಭಾವಿಸಿ ಬೆಳಗುತ್ತದೆ. ಮುಂದಿನ ಬೆಂಚಿನ ಹುಡುಗರು, ‘ಸಾರ್‌ಗೂ ನಮ್ಮ ಹಾಗೇ ಬೇಜಾರಾಗಿದೆ’ ಎಂದುಕೊಂಡು ಮುಸಿಮುಸಿ ನಗುತ್ತಾರೆ. ನಿಜವಾಗಿಯೂ ಗಂಟೆ ನೋಡಬೇಕಾದಾಗ ಕಥೆ ಬೇರೆ. ತುಂಬುತೋಳಿನ ಅಂಗಿಯ ಅಂಚು ಅರ್ಧ ಮುಚ್ಚಿತೆಂದರೆ ಸಾಕು, ಮಟಮಟ ಮಧ್ಯಾಹ್ನದಲ್ಲೂ ವಾಚಿಗೆ ಕತ್ತಲು ಕವಿದು ಅಂಕಿಗಳು ಮಂಕಾಗಿಬಿಡುತ್ತವೆ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರ ಬಳಿ ಇದನ್ನು ಹೇಳಿಕೊಂಡೆ. ಅವರು ವಾಚನ್ನು ತಿರುಗಿಸಿ ನೋಡಿ, “ಅದರ ತಪ್ಪೇನಿದೆ ಸಾರ್? ಗಾಜಿನ ಕೆಳಗೆ ಬೆಳಕನ್ನು ಅಳೆಯುವ ಒಂದು ಸೆನ್ಸರು ಇದೆ. ಅದರ ಮೇಲೆ ಎಷ್ಟು ಬೆಳಕು ಬೀಳುತ್ತದೋ ಅಷ್ಟೇ ಅದರ ಪ್ರಪಂಚ” ಎಂದರು. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನೇರ ಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್; ನಮ್ಮ ಮನೆಗಳ ದೀಪದ ಬೆಳಕಿನಲ್ಲಿ ನೂರು, ಇನ್ನೂರು; ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿನ ಮೂರನೆಯ ಒಂದು ಭಾಗವನ್ನೂ ಮೀರುವುದಿಲ್ಲ. ಇಷ್ಟು ಲಕ್ಸಿಗೆ ಇಷ್ಟು ಪ್ರಕಾಶ ಎಂದು ಕಾರ್ಖಾನೆಯಲ್ಲಿ ಮೊದಲೇ ಒಂದು ಪಟ್ಟಿ ಮಾಡಿ ಒಳಗಿಟ್ಟಿರುತ್ತಾರೆ. ಪಟ್ಟಿ ನೋಡಿ ಕೆಲಸ ಮಾಡುವ ಗುಮಾಸ್ತನಂತೆ ವಾಚು ದೀಪವನ್ನು ಏರಿಸುತ್ತದೆ, ಇಳಿಸುತ್ತದೆ. ಪಟ್ಟಿಯಲ್ಲಿ ಬೆಳಕಿನ ಲೆಕ್ಕ ಇದೆ. ನೋಡುವ ಕಣ್ಣು ಯಾರದು, ಏತಕ್ಕಾಗಿ ನೋಡುತ್ತಿದೆ ಎಂಬ ಕಲಮು ಇಲ್ಲ.

ನಾನು ಕನ್ನಡದ ಮೇಷ್ಟ್ರಾದ್ದರಿಂದ ನನಗೆ ಇನ್ನೊಂದು ದುಃಖ. ನಮ್ಮ ಭಾಷೆಯಲ್ಲಿ ಕತ್ತಲೆಗೆ ಎಷ್ಟು ಮೆಟ್ಟಿಲುಗಳಿವೆ! ಬೈಗು, ಮುಸ್ಸಂಜೆ, ಮಬ್ಬು, ಸರಿರಾತ್ರಿ, ಕೋಳಿ ಕೂಗುವ ಹೊತ್ತು, ಬೆಳ್ಳಿ ಮೂಡುವ ಹೊತ್ತು, ನಸುಕು. ಕಡಿದಾದ ಕತ್ತಲೆ ಕಗ್ಗತ್ತಲೆಯಾಯಿತು, ಕರಿಯ ಕತ್ತಲೆ ಕಾರ್ಗತ್ತಲೆಯಾಯಿತು. ಇವು ಕವಿಗಳು ಅಲಂಕಾರಕ್ಕಾಗಿ ಕಟ್ಟಿದವಲ್ಲ. ನಸುಕಿಗೆ ಹಾಲು ಕರೆಯಬೇಕಾದವರು, ಸರಿರಾತ್ರಿಯಲ್ಲಿ ಗದ್ದೆಗೆ ನೀರು ಕಟ್ಟಬೇಕಾದವರು ಕೆಲಸಕ್ಕಾಗಿ ಮಾಡಿಕೊಂಡ ಮಾತುಗಳು. ಒಂದೊಂದು ಕತ್ತಲೆಯಲ್ಲೂ ಯಾರೋ ಒಬ್ಬರು ಎದ್ದಿದ್ದರು ಎಂಬುದಕ್ಕೆ ಈ ಪದಗಳೇ ಸಾಕ್ಷಿ. ನನ್ನ ವಾಚಿಗೆ ತಿಳಿದಿರುವುದು ಎರಡೇ: ಹಗಲು ಮತ್ತು ನೈಟ್ ಮೋಡ್.

ಈ ನೈಟ್ ಮೋಡ್ ಎಂಬುದು ರಾತ್ರಿ ಹತ್ತೂವರೆಗೆ ಸರಿಯಾಗಿ, ಹಾಸ್ಟೆಲಿನ ವಾರ್ಡನ್ನಿನಂತೆ ಬಂದುಬಿಡುತ್ತದೆ. ಆಮೇಲೆ ಕೈಯೆತ್ತಿದರೆ ವಾಚು ಬೆಳಗುವುದಿಲ್ಲ. ಬೆರಳಿನಿಂದ ತಟ್ಟಿದರೆ ಮಂದವಾದ ಕೆಂಪು ಅಂಕಿಗಳು ಒಂದೆರಡು ಕ್ಷಣ ಕಾಣಿಸಿಕೊಂಡು ಮತ್ತೆ ಮುಳುಗುತ್ತವೆ. ಇದನ್ನು ಮಾಡಿದವರನ್ನು ಸಾರಾಸಗಟಾಗಿ ದೂರುವುದು ನ್ಯಾಯವಲ್ಲ. ಬೆಳಕು ಕಡಿಮೆಯಾದಷ್ಟೂ ಚಾರ್ಜು ಉಳಿಯುತ್ತದೆ. ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಬಿಳಿಯ ಬೆಳಕು ಬಿದ್ದರೆ ಆ ಸಂಪಾದನೆಯೆಲ್ಲ ಕ್ಷಣದಲ್ಲಿ ಕರಗಿಹೋಗುತ್ತದೆ, ಮಂದವಾದ ಕೆಂಪು ಬೆಳಕು ಅದನ್ನು ಬಹುಮಟ್ಟಿಗೆ ಉಳಿಸುತ್ತದೆ. ಇದಲ್ಲದೆ, ನೋಟಕ್ಕಿಂತ ಮುಖ್ಯವಾಗಿ ದೇಹಕ್ಕೆ ಹಗಲು ರಾತ್ರಿಗಳ ಸುದ್ದಿ ಮುಟ್ಟಿಸುವ ಕೋಶಗಳು ಕಣ್ಣಿನಲ್ಲಿವೆಯೆಂದೂ ಅವು ನೀಲಿ ಬೆಳಕಿಗೆ ಹೆಚ್ಚಾಗಿ ಓಗೊಡುತ್ತವೆಯೆಂದೂ 2002ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ರಾತ್ರಿ ನೀಲಿ ಬೆಳಕು ಕಂಡರೆ ನಿದ್ದೆ ಹಿಂದೆಗೆಯುತ್ತದೆ. ಆದ್ದರಿಂದ ಕೆಂಪು.

ಲೆಕ್ಕ ಸರಿಯಾಗಿದೆ. ಆದರೆ ಅದು ಇಪ್ಪತ್ತೈದರ ಕಣ್ಣಿನ ಲೆಕ್ಕ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕು. ಬೆಳಕು ಚೆನ್ನಾಗಿದ್ದಾಗ ಕಣ್ಣಿನ ಪಾಪೆ ಕಿರಿದಾಗಿ ಹೇಗೋ ನಿಭಾಯಿಸುತ್ತದೆ. ಬೆಳಕು ಇಳಿದಂತೆ ಪಾಪೆ ಹಿಗ್ಗಿ ಅಕ್ಷರ ಇನ್ನೂ ಕದಡಿಹೋಗುತ್ತದೆ. ಅದರ ಮೇಲೆ ಕೆಂಪು ಬೆಳಕು ಕಣ್ಣಿನೊಳಗೆ ನೀಲಿಗಿಂತ ಹಿಂದೆ ಹೋಗಿ ಕೂಡುತ್ತದೆ. ಚಾಳೀಸು ಬಂದವರ ತೊಂದರೆಯೂ ಅದೇ ದಿಕ್ಕಿನದು. ಅಂತೂ ಮಂದ ಬೆಳಕು, ಕೆಂಪು ಬಣ್ಣ, ನಲವತ್ತೇಳು ವಯಸ್ಸು ಈ ಮೂರೂ ಒಂದೆಡೆ ಸೇರಿದರೆ ಮೂರು ಗಂಟೆಯೂ ಎಂಟು ಗಂಟೆಯೂ ಒಂದೇ ರೂಪ ತಾಳುತ್ತವೆ. ಗಂಟೆ ನೋಡಲು ಕನ್ನಡಕ ಬೇಕು, ಕನ್ನಡಕ ಹುಡುಕಲು ದೀಪ ಬೇಕು. ದೀಪ ಹಾಕಿದ ಮೇಲೆ ಗೋಡೆ ಗಡಿಯಾರವೇ ಕಾಣುವಾಗ ಕೈಯ ವಾಚು ಯಾವ ಪುರುಷಾರ್ಥಕ್ಕೆ?

ಸ್ವಲ್ಪ ಯೋಚಿಸಿ ನೋಡಿ. ಕತ್ತಲೆಯಲ್ಲಿ ಗಂಟೆ ನೋಡಬೇಕಾದವನು ಯಾರು? ಮಲಗಿ ನಿದ್ದೆ ಮಾಡುವವನಂತೂ ಅಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕುಳಿತ ಸೈನಿಕರಿಗಾಗಿ ರೇಡಿಯಂ ಬಣ್ಣ ಬಳಿದ ವಾಚುಗಳು ಬಂದವು. ಅಮೆರಿಕದ ನ್ಯೂಜರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ 1917ರಿಂದ ಆ ಅಂಕಿಗಳಿಗೆ ಬಣ್ಣ ತುಂಬಿದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಕೆಲಸ ಮಾಡಿದರು. ರೇಡಿಯಂ ಅವರ ಮೂಳೆಗೆ ಇಳಿಯಿತು. ಎಷ್ಟೋ ಮಂದಿ ಸತ್ತರು. ಐವರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಾಯಿತು. ಕತ್ತಲೆಯಲ್ಲಿ ಎಚ್ಚರವಿರುವವನಿಗೆ ಹೊತ್ತು ತಿಳಿಯಲೆಂದು ಜಗತ್ತು ಅಷ್ಟು ದೊಡ್ಡ ಬೆಲೆ ತೆತ್ತಿದೆ. ಇಂದಿನ ವಾಚಾದರೋ, ಕತ್ತಲಾಯಿತು ಎಂದೊಡನೆ ಎಲ್ಲರೂ ಮಲಗಿದರೆಂದು ತೀರ್ಪು ಕೊಟ್ಟು ತಾನೂ ಕಣ್ಣು ಮುಚ್ಚಿಕೊಳ್ಳುತ್ತದೆ. ಆಸ್ಪತ್ರೆಯ ದಾದಿ, ರಾತ್ರಿ ಬಸ್ಸಿನ ಚಾಲಕ, ಪತ್ರಿಕೆಯ ಕಟ್ಟು ಬಿಚ್ಚುವ ಹುಡುಗ, ಯಕ್ಷಗಾನದ ಭಾಗವತ, ಇವರೆಲ್ಲ ಅದರ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವವನಲ್ಲ ನಾನು. ನಮ್ಮ ತಂದೆಯವರು ಎಚ್‌ಎಂಟಿ ವಾಚು ಕಟ್ಟುತ್ತಿದ್ದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ವಾಚುಗಳು ನಮ್ಮಲ್ಲಿ ಎಷ್ಟು ಮದುವೆಗಳಲ್ಲಿ ಉಡುಗೊರೆಯಾದವೋ! ಆ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ತಂದೆಯವರ ವಾಚು ಕತ್ತಲೆಯಲ್ಲಿ ಏನನ್ನೂ ಹೇಳುತ್ತಿರಲಿಲ್ಲ. ಅವರು ಬೆಂಕಿಕಡ್ಡಿ ಗೀರಿ ನೋಡಿಕೊಳ್ಳುತ್ತಿದ್ದರು. ಆದರೆ ಅದು ತನಗೆ ತಿಳಿಯದ್ದನ್ನು ತಿಳಿದಿದೆಯೆಂದು ನಟಿಸುತ್ತಿರಲಿಲ್ಲ, ಅಷ್ಟೆ. ಅದೇ ಎಚ್‌ಎಂಟಿಯವರು ಅಂಧರಿಗಾಗಿ ಬ್ರೇಲ್ ವಾಚನ್ನೂ ಮಾಡಿದ್ದರು. ಗಾಜಿನ ಮುಚ್ಚಳ ತೆರೆದು ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ಗಂಟೆ ತಿಳಿಯಬಹುದು. ಯಾರಿಗಾಗಿ ಮಾಡುತ್ತಿದ್ದೇವೆ ಎಂದು ಕೇಳಿಕೊಂಡು ಮಾಡಿದ ವಸ್ತು ಅದು.

ದೀಪವನ್ನು ಸಣ್ಣ ಮಾಡುವುದು ಎಂದರೇನು ಎಂದು ನಾನು ಕಂಡದ್ದು ನಮ್ಮ ತಾಯಿಯವರಲ್ಲಿ. ನಮ್ಮದು ಹಾಸನದ ಕಡೆಯ ಹಳ್ಳಿ. ನನ್ನ ಬಾಲ್ಯದಲ್ಲಿ ಕರೆಂಟು ಬಂದಿತ್ತಾದರೂ ಸಂಜೆಯ ಹೊತ್ತಿಗೆ ಮುನಿಸಿಕೊಳ್ಳುತ್ತಿತ್ತು. ಇದ್ದ ಒಂದು ಲಾಟೀನಿನ ಸುತ್ತ ಮನೆಯವರೆಲ್ಲರ ರಾತ್ರಿ ನಡೆಯಬೇಕು. ನನಗೆ ಪರೀಕ್ಷೆ; ತೊಟ್ಟಿಲಿನಲ್ಲಿ ತಂಗಿ; ಮೂಲೆಯಲ್ಲಿ ಕೆಮ್ಮುವ ಅಜ್ಜ. ಅಮ್ಮ ಬತ್ತಿಯನ್ನು ಸ್ವಲ್ಪ ಇಳಿಸಿ, ಲಾಟೀನಿನ ಒಂದು ಮಗ್ಗುಲಿಗೆ ಹಳೆಯ ಪಂಚಾಂಗವನ್ನು ಅಡ್ಡ ನಿಲ್ಲಿಸುವರು. ತೊಟ್ಟಿಲ ಕಡೆ ನೆರಳು, ನನ್ನ ಪುಸ್ತಕದ ಮೇಲೆ ಬೆಳಕು. ಅಜ್ಜ ಎದ್ದು ಕುಳಿತರೆ ಪಂಚಾಂಗ ಸ್ವಲ್ಪ ಸರಿಯುವುದು. ಅವರು ಮಲಗಿದರೆ ಮತ್ತೆ ಮೊದಲಿನ ಜಾಗಕ್ಕೆ. ಎಲ್ಲರ ಓದು, ನಿದ್ದೆ ಮುಗಿಯುವವರೆಗೆ ಅವರ ಒಂದು ಕಣ್ಣು ಆ ಬತ್ತಿಯ ಮೇಲೆ. ಕೊನೆಗೆ ‘ದೀಪ ಆರಿಸು’ ಎನ್ನಬಾರದು. ‘ಶಾಂತ ಮಾಡು’ ಎನ್ನಬೇಕು.

ಹೋದ ವರ್ಷದ ಆಷಾಢದಲ್ಲಿ ಆ ತಾಯಿಯವರಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಈಗ ಅವರಿಗೆ ಎಪ್ಪತ್ತೇಳು. ಮೈಸೂರಿನಲ್ಲಿ ನಮ್ಮೊಡನೆಯೇ ಇದ್ದಾರೆ. ಸಂಜೆ ಬಂದು ನೋಡಿದ ಡಾಕ್ಟರು ಔಷಧ ಕೊಟ್ಟು, “ಇವತ್ತು ಆಸ್ಪತ್ರೆ ಬೇಡ. ರಾತ್ರಿ ಎರಡು ಗಂಟೆಗೊಮ್ಮೆ ಉಸಿರು ಎಣಿಸಿ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಮೂವತ್ತು ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಕರೆದುಕೊಂಡು ಬನ್ನಿ” ಎಂದು ಹೇಳಿ ಹೋದರು. ದೀಪ ಹಾಕಿದರೆ ಅಮ್ಮನಿಗೆ ಎಚ್ಚರವಾಗುತ್ತದೆ, ಎಚ್ಚರವಾದರೆ ಕೆಮ್ಮು. ಓಣಿಯ ದೀಪದ ಬೆಳಕು ಕಿಟಕಿಯಿಂದ ಬಂದು, ಹೊದ್ದ ಶಾಲು ಏರಿ ಇಳಿಯುವುದು ಮಾತ್ರ ಕಾಣುತ್ತಿತ್ತು. ಇನ್ನು ಬೇಕಾದದ್ದು ಒಂದು ನಿಮಿಷ.

ಹನ್ನೆರಡು ಗಂಟೆಯ ಹೊತ್ತು. ವಾಚನ್ನು ತಟ್ಟಿದೆ. ಕೆಂಪು ಅಂಕಿ ಮೂಡಿತು. ಅದರಲ್ಲಿ ಸೆಕೆಂಡು ಇಲ್ಲ. ರಾತ್ರಿಯಲ್ಲಿ ಸೆಕೆಂಡು ಯಾರಿಗೆ ಬೇಕು? ನಿಮಿಷದ ಅಂಕಿ ಬದಲಾದೊಡನೆ ಎಣಿಸಲು ತೊಡಗಿದೆ. ಹತ್ತು ಉಸಿರಾಗುವುದರೊಳಗೆ ಕತ್ತಲು. ಮತ್ತೆ ತಟ್ಟಿದೆ. ಅಷ್ಟರಲ್ಲಿ ಹದಿನಾಲ್ಕೋ ಹದಿನೇಳೋ ತಪ್ಪಿತು. ಸೆಟ್ಟಿಂಗ್ಸಿಗೆ ಹೋಗಿ ನೈಟ್ ಮೋಡನ್ನೂ ಆಟೋ ಬ್ರೈಟ್‌ನೆಸ್ಸನ್ನೂ ತೆಗೆದುಹಾಕಿದೆ. ತೆಗೆದೊಡನೆ ಅದು ಹಗಲಿನ ಒಂದು ನಿಗದಿಯಾದ ಬೆಳಕಿಗೆ ಹಾರಿ, ಟಾರ್ಚು ಬಿಟ್ಟಂತೆ ಅಮ್ಮನ ಮುಖದ ಮೇಲೆ ಬಿತ್ತು. ನಾನು ಅಂಗೈ ಅಡ್ಡ ಹಿಡಿಯುವುದರೊಳಗೆ ಅವರು ಹೊರಳಿ, “ಬೆಳಗಾಯ್ತೇನೋ?” ಎಂದರು. “ಇಲ್ಲಮ್ಮ, ಮಲಕ್ಕೊ” ಎಂದೆ. ಕೆಮ್ಮು ಹಿಡಿದುಕೊಂಡು, ಅವರಿಗೆ ಮತ್ತೆ ಜೊಂಪು ಹತ್ತಬೇಕಾದರೆ ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ಉಸಿರಿನ ಲೆಕ್ಕ ಸಿಕ್ಕಲಿಲ್ಲ. ಮೂವತ್ತರ ಈಚೆಗಿದ್ದೇವೆಯೋ ಆಚೆಗಿದ್ದೇವೆಯೋ ತಿಳಿಯದೆ ಕುಳಿತಿದ್ದ ಆ ಮುಕ್ಕಾಲು ಗಂಟೆ ನನಗೆ ಇನ್ನೂ ಮರೆತಿಲ್ಲ.

ಪಿಯುಸಿ ಓದುವ ನನ್ನ ಮಗಳು ನಡುಮನೆಯಲ್ಲಿ ಓದುತ್ತಿದ್ದವಳು ಎದ್ದು ಬಂದಳು. ಸಂಗತಿ ಕೇಳಿ, “ನೀನು ಉಸಿರು ಎಣಿಸಪ್ಪ, ನಾನು ನಿಮಿಷ ನೋಡ್ತೀನಿ” ಎಂದಳು. ನಡುಮನೆಯ ಗೋಡೆ ಗಡಿಯಾರದ ಕೆಳಗೆ ನಿಂತು, ಬೆಳಕು ಅಜ್ಜಿಯ ಮುಖಕ್ಕೆ ತಾಗದಷ್ಟು ಬಾಗಿಲನ್ನು ಎಳೆದುಕೊಂಡು, ಸಂದಿನಿಂದ ಮೆಲ್ಲಗೆ “ಹ್ಞೂ” ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೊಮ್ಮೆ “ಹ್ಞೂ.” ಇಪ್ಪತ್ತಾರು. ಮೂರು ಗಂಟೆಗೆ ಇಪ್ಪತ್ತನಾಲ್ಕು. ನಸುಕಿನಲ್ಲಿ ಇಪ್ಪತ್ತೆರಡು. ಎರಡು ವಾರದಲ್ಲಿ ಅಮ್ಮ ಎದ್ದು ಓಡಾಡಿದರು.

ಈ ಕಥೆ ಕೇಳಿದ ಭಾಮೈದ, “ಮುಂದಿನ ಮಾಡೆಲ್ಲಿನಲ್ಲಿ ಇದೆಲ್ಲ ಸರಿಹೋಗುತ್ತೆ ಭಾವ” ಎಂದ. ಹೋಗಬಹುದು. ಬಳಸುವವನು ಬೆಳಕನ್ನು ತಿದ್ದಿದಾಗ ಅದನ್ನು ನೆನಪಿಟ್ಟು ಕಲಿಯುವ ವಿದ್ಯೆ 2018ರಿಂದಲೇ ಕೆಲವು ಫೋನುಗಳಲ್ಲಿ ಇದೆಯಂತೆ, ವಾಚಿಗೂ ಬಂದೀತು. ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ಕತ್ತಲೆಯಲ್ಲಿ ನಾನು ತಟ್ಟಿದರೆ, ಇವನು ಎದ್ದಿದ್ದಾನೆ, ಎದ್ದಿರುವುದಕ್ಕೆ ಇವನಿಗೊಂದು ಕಾರಣವಿದೆ ಎಂದು ಅದು ನಂಬಬೇಕು. ದೊಡ್ಡ ಅಂಕಿ, ಸೆಕೆಂಡು, ನಾನು ಬೇಡವೆನ್ನುವವರೆಗೆ ಆರದ ಒಂದು ಸಣ್ಣ ಬೆಳಕು, ಇಷ್ಟು ಸಾಕು. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಾಗಿಲ್ಲ; ಮಾಡುವವರು ಒಂದು ರಾತ್ರಿ ರೋಗಿಯ ಮಗ್ಗುಲಲ್ಲಿ ಕುಳಿತು ಬಂದರೆ ಸಾಕು.

ಸದ್ಯಕ್ಕೆ ಎರಡನ್ನೂ ತೆಗೆದುಹಾಕಿಯೇ ಇಟ್ಟಿದ್ದೇನೆ. ಅದರ ಫಲವಾಗಿ ಸಂಜೆ ಏಳು ಗಂಟೆಗೆಲ್ಲ ಚಾರ್ಜು ಮುಗಿದು ವಾಚು ಪ್ರಾಣ ಬಿಡುತ್ತದೆ. ನಾನು ಅದನ್ನು ಬಿಚ್ಚಿ ಚಾರ್ಜಿಗೆ ಹಾಕಿ, ರಾತ್ರಿಯನ್ನು ಮನೆಯವರ ವಶಕ್ಕೆ ಬಿಟ್ಟು ಮಲಗುತ್ತೇನೆ.