ಹಿಂತಿರುಗುವಾಗಿನ ಲೆಕ್ಕ

2023ರ ಮೇ ತಿಂಗಳಲ್ಲಿ ಸಹಯಾಜಕರೊಬ್ಬರೊಡನೆ ಮಾಲ್ಟಾ ದ್ವೀಪಕ್ಕೆ ರಜೆಗೆಂದು ಹೋದಾಗ ಸಣ್ಣದೊಂದು ಕಾರನ್ನು ಬಾಡಿಗೆಗೆ ಪಡೆದೆ. 1964ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಆ ನಾಡಿನಲ್ಲಿ ವಾಹನಗಳು ನಮ್ಮಲ್ಲಿಯಂತೆಯೇ ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಸಂತ ಪೌಲರ ಹಡಗು ಒಡೆದ ಸ್ಥಳವೆಂದು ಪರಂಪರೆ ಹೇಳುವ ಕೊಲ್ಲಿಯ ದಡದಲ್ಲಿ ನಿರಾಯಾಸವಾಗಿ ಸಾಗುತ್ತಾ, ‘ಬೆಂಗಳೂರಿನಲ್ಲಿ ಓಡಿಸಿದವನಿಗೆ ಇದೇನು ಮಹಾ!’ ಎಂದು ಬೀಗಿದೆ.

ಚಿರ್ಕೆವ್ವಾ ಬಂದರಿನಿಂದ ಕಾರುಸಮೇತ ಹಡಗನ್ನೇರಿ ಪಕ್ಕದ ಗೋಜೋ ದ್ವೀಪಕ್ಕೆ ದಾಟಿದೆವು. ಹೋಗುವಾಗ ಹಣ ಕೇಳುವವರಿಲ್ಲ. ಶುಲ್ಕವನ್ನು ಹಿಂತಿರುಗುವಾಗ ಮಾತ್ರ ಪಡೆಯುತ್ತಾರೆ. ಅಲ್ಲಿನ ಇಕ್ಕಟ್ಟಾದ ಓಣಿಯೊಂದರಲ್ಲಿ ಎದುರು ಬಂದ ವ್ಯಾನಿಗೆ ದಾರಿ ಬಿಡುವಾಗ ಕಾರಿನ ಎಡಬಾಗಿಲು ಸುಣ್ಣಕಲ್ಲಿನ ಗೋಡೆಗೆ ಉಜ್ಜಿತು. ಗೇಣುದ್ದದ ಗೀರು! ನನ್ನ ಜಂಬ ಅಲ್ಲಿಗೇ ಇಳಿಯಿತು.

ಕಾರನ್ನು ಒಪ್ಪಿಸುವಾಗ ಮಬ್ಬುಗತ್ತಲು. ಕಚೇರಿಯ ಹೆಣ್ಣುಮಗಳು ಪೆಟ್ರೋಲಿನ ಮುಳ್ಳು ನೋಡಿ, ಕೀಲಿಕೈ ಪಡೆದು, ‘ಎಲ್ಲ ಸರಿಯಾಗಿದೆ’ ಎಂದರು. ಗೀರು ಅವರ ಕಣ್ಣಿಗೆ ಬೀಳಲಿಲ್ಲ. ಒಪ್ಪಂದದಂತೆ ಇಂಥ ಹಾನಿಯ ವೆಚ್ಚ ನಾನಿಟ್ಟ ಠೇವಣಿಯಿಂದ ಕಡಿತವಾಗಬೇಕಿತ್ತು. ಮೌನವಾಗಿದ್ದರೆ ಹಣ ಉಳಿಯುತ್ತಿತ್ತು. ಪಾಪನಿವೇದನೆಗೆ ಬಂದವರಿಗೆ ‘ಏನನ್ನೂ ಮುಚ್ಚಿಡಬೇಡಿ’ ಎಂದು ಬುದ್ಧಿ ಹೇಳುವ ನಾನು ಸುಮ್ಮನೆ ಬಾಗಿಲವರೆಗೂ ನಡೆದೆ. ಸಂಗಡಿಗರು ಏನೂ ಹೇಳಲಿಲ್ಲ; ನನ್ನತ್ತ ನೋಡಿದರು, ಅಷ್ಟೇ. ಹಿಂದಿರುಗಿ ಹೋಗಿ ಗೀರನ್ನು ತೋರಿಸಿದೆ. ಇನ್ನೂರು ಯೂರೋ ಕಡಿತವಾಯಿತು. ಜೇಬು ಹಗುರವಾಯಿತು, ಎದೆಯೂ ಹಗುರವಾಯಿತು.

ಗೋಜೋ ಹಡಗಿನ ನಿಯಮ ಈಗಲೂ ನೆನಪಾಗುತ್ತದೆ. ಓದುಗರೇ, ನಮ್ಮ ಬಾಳಿನ ಪಯಣದಲ್ಲೂ ಲೆಕ್ಕ ಕೇಳುವುದು ಹಿಂತಿರುಗುವಾಗಲೇ ಅಲ್ಲವೇ?